ಮಗ್ಗ ನಿಂತ ಹೊತ್ತು

ವಡಗಾವಿಯ ಓಣಿಗಳಲ್ಲಿ ಗಡಿಯಾರಕ್ಕಿಂತ ಮಗ್ಗವನ್ನೇ ಹೆಚ್ಚು ನಂಬುತ್ತಿದ್ದ ಕಾಲವೊಂದಿತ್ತು. ಬೆಳಿಗ್ಗೆ ಮೂಲೆಮನೆಯ ಪವರ್‌ಲೂಮ್ ಖಟಾಖಟ್ ಎಂದು ಶುರುವಾದರೆ ಹಾಲಿನವನು ಬರುವ ಹೊತ್ತು. ಓಣಿಯ ಅಷ್ಟೂ ಮಗ್ಗಗಳು ಒಟ್ಟಿಗೆ ಬಡಿಯತೊಡಗಿದರೆ ಶಾಲೆಗೆ ಓಡುವ ಹೊತ್ತು. ಆ ಸದ್ದಿನೊಳಗೇ ನಾವು ಹುಟ್ಟಿದೆವು, ಮಗ್ಗಿ ಬಾಯಿಪಾಠ ಮಾಡಿದೆವು, ಜಗಳ ಆಡಿದೆವು. ವಡಗಾವಿಯವರು ಗುಟ್ಟು ಹೇಳಿದರೂ ಮೂರು ಓಣಿಗೆ ಕೇಳಿಸುತ್ತದೆ ಎಂದು ನೆಂಟರು ಚೇಷ್ಟೆ ಮಾಡುತ್ತಿದ್ದರು. ಸುಳ್ಳೇನಲ್ಲ, ನಾನು ಈಗಲೂ ಫೋನಿನಲ್ಲಿ ಮಾತಾಡಿದರೆ ಪಕ್ಕದ ಮನೆಯವರು ಕಿಟಕಿ ಹಾಕಿಕೊಳ್ಳುತ್ತಾರೆ.

ನೂಲಿಗೆ ಹಚ್ಚುವ ಗಂಜಿಯ ಹುಳಿವಾಸನೆ, ಮಷೀನಿನ ಎಣ್ಣೆಯ ವಾಸನೆ, ಅದರ ನಡುವೆ ಎಲ್ಲಿಂದಲೋ ತೇಲಿ ಬರುವ ಶೇಂಗಾ ಹುರಿದ ಪರಿಮಳ. ಬೇಸಿಗೆ ರಜೆ ಅಂದರೆ ನನಗೆ ಇವತ್ತಿಗೂ ಈ ಮೂರೇ. ಮಧ್ಯಾಹ್ನ ಒಮ್ಮೊಮ್ಮೆ ಕರೆಂಟು ಹೋಗುತ್ತಿತ್ತು. ಆಗ ಅಷ್ಟೂ ಮಗ್ಗಗಳು ಒಂದೇ ಏಟಿಗೆ ನಿಂತುಬಿಡುತ್ತಿದ್ದವು. ಹೊರಗೆ ಹುಡುಗರು "ಹೋತೋ!" ಎಂದು ಕೂಗಿಕೊಂಡು ಓಣಿಗೆ ಬರುತ್ತಿದ್ದರು, ಹುಡುಗಿಯರು ಕಟ್ಟೆಯ ಮೇಲೆ ಆಣಿಕಲ್ಲಾಟಕ್ಕೆ ಹರಳು ಹರಡುತ್ತಿದ್ದರು. ನೇಕಾರರು ಬೀಡಿ ಹಚ್ಚುತ್ತಿದ್ದರು. ಎಲ್ಲರ ಮನೆಯಲ್ಲೂ ಅದು ಪುಕ್ಕಟೆ ಸಿಕ್ಕ ರಜೆ. ನಮ್ಮ ಮನೆಯಲ್ಲಿ ಮಾತ್ರ ಯಾರೂ ಕೂಗುತ್ತಿರಲಿಲ್ಲ.

ಅದಕ್ಕೆ ಕಾರಣ ಅಜ್ಜ, ಅಪ್ಪನ ಅಪ್ಪ. ನೂಲು ಸಿಗದೆ ಮಗ್ಗಗಳು ಬರಿದಾದ ದೊಡ್ಡ ಯುದ್ಧದ ಕಾಲದಲ್ಲಿ ಅಜ್ಜ ಹೊಟ್ಟೆಪಾಡಿಗೆ ಪಲ್ಟನ್ ಸೇರಿದ್ದನಂತೆ. ಬರ್ಮಾದ ಕಾಡಿಗೆ ಹೋಗಿ ಜೀವಂತ ತಿರುಗಿ ಬಂದ. ಬಂದವನು ಸೀದಾ ಹಳೆಯ ಕುಣಿಮಗ್ಗಕ್ಕೆ ಇಳಿದ. ಕುಣಿಮಗ್ಗ ಅಂದರೆ ನೆಲದಲ್ಲಿ ಸೊಂಟದಾಳದ ಕುಣಿ ತೋಡಿ, ಅದರಲ್ಲಿ ಕಾಲು ಇಳಿಬಿಟ್ಟು ಕೂತು ನೇಯುವ ಮಗ್ಗ. ಮುಂದೆ ಓಣಿಯವರೆಲ್ಲ ಪವರ್‌ಲೂಮ್ ತಂದರು, ನಮ್ಮಪ್ಪನೂ ಮುಂದಿನ ಪಡಸಾಲೆಯಲ್ಲಿ ನಾಲ್ಕು ಹಾಕಿದ. ಅಜ್ಜ ಮಾತ್ರ ಒಳಮನೆಯ ಕುಣಿ ಬಿಡಲಿಲ್ಲ. ಕೈಮಗ್ಗ ಮುರಿದು ಸೌದೆಯಾದ ಮೇಲೂ ಆ ಕುಣಿ ಹಾಗೆಯೇ ಉಳಿಯಿತು, ಮೇಲೆ ಎರಡು ಹಲಗೆ ಮುಚ್ಚಿಕೊಂಡು.

ಕರೆಂಟು ಹೋಗಿ ಓಣಿ ಮೂಕವಾದ ಕೂಡಲೇ ಅಜ್ಜ ಊಟದ ನಡುವೆ ಇದ್ದರೂ ಎದ್ದು ಒಳಮನೆಗೆ ಹೋಗುತ್ತಿದ್ದ. ಹಲಗೆ ಸರಿಸಿ ಕುಣಿಗೆ ಇಳಿದು, ಮೊಣಕಾಲು ಮಡಚಿ ಕೂತು, ಎಡಗೈಯಿಂದ ಬಾಯಿ ಮುಚ್ಚಿಕೊಳ್ಳುತ್ತಿದ್ದ. ಮಗ್ಗಗಳು ಮತ್ತೆ ಬಡಿಯತೊಡಗಿದಾಗ ಎದ್ದು ಬಂದು, ಬಿಟ್ಟ ರೊಟ್ಟಿಯನ್ನೇ ಮುಂದುವರಿಸುತ್ತಿದ್ದ. ಯಾರೂ ಏನೂ ಕೇಳುತ್ತಿರಲಿಲ್ಲ. ಮಳೆ ಬಂದರೆ ಕೊಡೆ ಬಿಚ್ಚುತ್ತಾರಲ್ಲ, ಅದೂ ಹಾಗೆಯೇ ಎಂದು ನಾನು ತಿಳಿದಿದ್ದೆ.

ನನಗೆ ಆರು ವರ್ಷವಿದ್ದಾಗ ಅಜ್ಜ ತೀರಿಕೊಂಡ. ನಮ್ಮಲ್ಲಿ ಸತ್ತವರನ್ನು ಸುಡುವುದಿಲ್ಲ, ಕೂರಿಸಿ ಮಣ್ಣು ಮಾಡುತ್ತಾರೆ. ಯಾರದೋ ಹೆಗಲ ಮೇಲಿಂದ ನಾನು ಬಗ್ಗಿ ನೋಡಿದೆ. ಅಜ್ಜ ಆ ಹೊಸ ಕುಣಿಯಲ್ಲೂ ಒಳಮನೆಯಲ್ಲಿ ಕೂರುತ್ತಿದ್ದ ಹಾಗೆಯೇ ಕೂತಿದ್ದ. "ಕರೆಂಟ್ ಬಂದ ಮ್ಯಾಲ ಅಜ್ಜಾ ಏಳ್ತಾನಲ್ಲಾ?" ಎಂದು ನಾನು ಕೇಳಿದೆನಂತೆ. ಸುತ್ತ ನಿಂತವರಲ್ಲಿ ಒಬ್ಬರೂ ನಗಲಿಲ್ಲ ಎಂದು ಅವ್ವ ಆಮೇಲೆ ಹೇಳುತ್ತಿದ್ದಳು.

ಮರುವರ್ಷ ತಂಗಿ ಹುಟ್ಟಿದಳು. ಅಜ್ಜನ ಹೆಸರು ಶಿವಲಿಂಗಪ್ಪ, ಅದಕ್ಕೇ ಅವಳಿಗೆ ಶಿವಲೀಲಾ ಎಂದಿಟ್ಟರು. ನಾವೆಲ್ಲ ಲೀಲಾ ಅನ್ನುತ್ತಿದ್ದೆವು. ಆದರೆ ಆಯಿ, ಅಂದರೆ ಅಜ್ಜನ ಹೆಂಡತಿ, ಗಂಡನ ಹೆಸರು ಕೂಡಿದ ಆ ಹೆಸರನ್ನು ನಾಲಿಗೆಯ ಮೇಲೆ ತರುವುದುಂಟೇ? ಪಲ್ಟನ್ನಿಗೆ ಹೋಗಿಬಂದ ಗಂಡನನ್ನು ತಾನು ಕರೆಯುತ್ತಿದ್ದ ಹಾಗೆಯೇ ಮೊಮ್ಮಗಳನ್ನೂ "ಸಾಹೇಬ್ರ" ಎಂದಳು. ಮೊಲೆ ಬಿಡದ ಕೂಸಿಗೆ "ಬರ್ರಿ, ಕುಂದರ್ರಿ, ಹಾಲು ಕುಡೀರಿ" ಎಂದು ಬಹುವಚನ. ಅಜ್ಜ ಉಣ್ಣುತ್ತಿದ್ದ ಹಿತ್ತಾಳಿ ಗಂಗಾಳ ಅವಳ ಪಾಲಾಯಿತು. ಒಳಮನೆಯ ಹಲಗೆ ತೋರಿಸಿ, "ಇದು ನಿಮ್ಮ ಜಾಗಾ ನೋಡ್ರಿ, ನೆನಪೈತಿ ಇಲ್ಲೋ?" ಎಂದು ಆಯಿ ಕೇಳುತ್ತಿದ್ದಳು. ನಾವು ನಗುತ್ತಿದ್ದೆವು. ಹೋದವರು ಹೊಳ್ಳಿ ಬರುತ್ತಾರೆ ಅನ್ನುವುದರಲ್ಲಿ ಆಯಿಗೆ ಎಷ್ಟು ಸುಖವಿತ್ತೆಂದರೆ, ಬೇಡ ಅನ್ನಲು ಯಾರಿಗೂ ಮನಸ್ಸಾಗಲಿಲ್ಲ.

ಲೀಲಾಗೆ ನಾಲ್ಕು ತುಂಬಿದ ವರ್ಷ ಒಂದು ಮಧ್ಯಾಹ್ನ ಕರೆಂಟು ಹೋಯಿತು. ನಾನು ಅಡುಗೆಮನೆಯಲ್ಲಿ ಚುರುಮುರಿಗೆ ಒಗ್ಗರಣೆ ಕಲಸುತ್ತಿದ್ದೆ. ಹಲಗೆ ಸರಿದ ಸದ್ದು ಕೇಳಿತು. ಐದು ವರ್ಷದಿಂದ ಕೇಳದ ಸದ್ದು ಅದು. ಹೋಗಿ ನೋಡಿದರೆ ಲೀಲಾ ಕುಣಿಯಲ್ಲಿ ಮೊಣಕಾಲು ಮಡಚಿ ಕೂತಿದ್ದಳು. ಎಡಗೈ ಬಾಯಿಯ ಮೇಲಿತ್ತು. ಕಣ್ಣು ತೆರೆದೇ ಇದ್ದವು, ಆದರೆ ನನ್ನನ್ನು ನೋಡುತ್ತಿರಲಿಲ್ಲ. ಅಜ್ಜನನ್ನು ಅವಳು ಕಂಡಿರಲಿಲ್ಲ, ಅವನು ಕೂರುತ್ತಿದ್ದ ರೀತಿಯನ್ನು ಯಾರೂ ಅವಳಿಗೆ ತೋರಿಸಿಯೂ ಇರಲಿಲ್ಲ. ನನ್ನ ಕೈಯಿಂದ ಪಾತ್ರೆ ಬಿತ್ತು. ಆಯಿ ಬಂದು ನೋಡಿ, ಕೈ ಮುಗಿದು, ಕುಣಿಯ ದಂಡೆಗೆ ಹಣೆ ಹಚ್ಚಿದಳು.

ಅಲ್ಲಿಂದ ಕರೆಂಟು ಹೋದಾಗಲೆಲ್ಲ ಇದೇ ನಡೆಯಿತು. ಮೊದಮೊದಲು ಸುಮ್ಮನೆ ಕೂರುತ್ತಿದ್ದಳು. ಆಮೇಲೆ ಉಸಿರು ಹಿಡಿಯತೊಡಗಿದಳು. ತುಟಿ ನೇರಳೆಹಣ್ಣು ತಿಂದವರ ಹಾಗೆ ಆಗುತ್ತಿತ್ತು. ಅವ್ವ ಎತ್ತಿಕೊಂಡು ಬೆನ್ನು ತಟ್ಟಿ, ಉಳ್ಳಾಗಡ್ಡಿ ಜಜ್ಜಿ ಮೂಗಿಗೆ ಹಿಡಿದರೆ ಹುಶ್ ಎಂದು ಉಸಿರು ಬಿಡುತ್ತಿದ್ದಳು. ಡಾಕ್ಟರು ಎದೆ ನೋಡಿದರು, ಬೆನ್ನು ನೋಡಿದರು, ಎಲ್ಲ ಚಲೋ ಅದ ಎಂದು ಟಾನಿಕ್ ಬರೆದುಕೊಟ್ಟರು. ನನಗೆ ಹನ್ನೆರಡು, ಅವಳಿಗೆ ಐದು ವರ್ಷವಾದ ಆ ಬೇಸಿಗೆಯಲ್ಲಿ ದಿನಕ್ಕೆರಡು ಸಲ ಕರೆಂಟು ಹೋಗತೊಡಗಿತು. ಏಪ್ರಿಲ್ ಕೊನೆಯ ಒಂದು ದಿನ ಎಷ್ಟು ತಟ್ಟಿದರೂ ಲೀಲಾ ಉಸಿರಾಡಲಿಲ್ಲ. ಅವ್ವ ಅವಳ ಕಾಲು ಹಿಡಿದು ತಲೆಕೆಳಗು ಮಾಡಿ ಅಳ್ಳಾಡಿಸಿದಳು. ಕೊನೆಗೆ ಉಸಿರು ಬಂತು. ಅವ್ವ ಅಲ್ಲೇ ನೆಲದ ಮೇಲೆ ಕುಸಿದು ಕೂತು, "ಇನ್ನ ಈ ಮನ್ಯಾಗ ಇಟ್ರ ನನ್ನ ಕೂಸು ಉಳ್ಯಾಂಗಿಲ್ಲ. ನಾ ತವರಿಗಿ ಕರ್ಕೊಂಡ ಹೋಗ್ತೀನಿ" ಎಂದಳು.

ಅಪ್ಪ ಗೋಡೆಗೆ ಒರಗಿ ನಿಂತಿದ್ದ. ಹಣೆಯ ಮೇಲೆ ಬೆವರು. "ಹೋಗ್ರಿ" ಎಂದ. ಆಯಿಯೂ ಒಪ್ಪಿದಳು. ಅವಳ ಲೆಕ್ಕವೇ ಬೇರೆ. "ಅವರು ಆ ಕುಣಿ ಬಿಟ್ಟ ಇರಾಂಗಿಲ್ಲ. ಕುಣಿ ಕಣ್ಣಿಗಿ ಬೀಳದಿದ್ರ ಕೂಸಿನ ಮೈ ಬಿಡ್ತಾರ" ಎಂದಳು. ಹೊರಡುವಾಗ ಲೀಲಾಳ ಪುಟ್ಟ ಪಾದ ಮುಟ್ಟಿ, "ಸಾಹೇಬ್ರ, ಲಗೂನ ಬರ್ರಿ" ಅಂದಳು. ಬಿಡಬೇಕು ಅನ್ನುವವಳೂ ಅವಳೇ, ಬಾ ಅನ್ನುವವಳೂ ಅವಳೇ.

ಅವ್ವನ ತವರು ಖಾನಾಪುರ ದಾಟಿ ಜಾಂಬೋಟಿಯ ದಾರಿಯಲ್ಲಿ ಹತ್ತಿಪ್ಪತ್ತು ಮನೆಗಳ ಒಂದು ವಾಡಿ. ಸುತ್ತ ಒಣಗಿದ ಭತ್ತದ ಗದ್ದೆ, ಆಚೆಗೆ ಕಾಡು. ಊರಿನ ಅರ್ಧ ಜನ ಮರಾಠಿ ಆಡಿದರೆ ಇನ್ನರ್ಧ ಎರಡನ್ನೂ ಕೂಡಿಸಿ ಆಡುತ್ತಿದ್ದರು. ಅಲ್ಲಿ ನಮ್ಮ ಸೋದರಮಾವ ಒಬ್ಬನೇ ಇದ್ದ, ಮಾಮಾ ಅನ್ನುತ್ತಿದ್ದೆವು. ಮದುವೆಯಾಗದ ಮನುಷ್ಯ, ಊಟವಾದರೆ ನಿದ್ದೆ, ನಿದ್ದೆಯಾದರೆ ಊಟ. ನಾವು ಕವಳಿ ಹಣ್ಣು ಆರಿಸಿಕೊಂಡು ಬಾಯಿ ಕಪ್ಪು ಮಾಡಿಕೊಂಡೆವು. ಗೇರುಹಣ್ಣು ಚೀಪಿ ಗಂಟಲು ಕೆರೆಸಿಕೊಂಡೆವು. ಅವ್ವ ಹಲಸಿನ ಹಪ್ಪಳ ತಟ್ಟಿ ಚಾಪೆಯ ಮೇಲೆ ಒಣಹಾಕಿದರೆ ಅರ್ಧ ಹಸಿಯದನ್ನೇ ಕದ್ದು ತಿಂದೆವು.

ಮಧ್ಯಾಹ್ನವಿಡೀ ಕಾಡಿನಲ್ಲಿ ಜೀರುಂಡೆಗಳು ಕೂಗುತ್ತಿದ್ದವು. ಕಿವಿಯಲ್ಲಿ ತಂತಿ ಎಳೆದ ಹಾಗೆ. ಅವುಗಳದ್ದೂ ವಡಗಾವಿಯ ಮಗ್ಗಗಳ ರೀತಿಯೇ. ಇದ್ದಕ್ಕಿದ್ದಂತೆ ಎಲ್ಲವೂ ಒಂದೇ ಏಟಿಗೆ ನಿಂತುಬಿಡುತ್ತಿದ್ದವು. ಮೊದಲ ದಿನ ಹಾಗೆ ನಿಂತಾಗ ಅವ್ವ, ನಾನು ಇಬ್ಬರೂ ಲೀಲಾಳ ಕಡೆಗೆ ಓಡಿದೆವು. ಅವಳು ಅಂಗಳದಲ್ಲಿ ಇರುವೆಗಳಿಗೆ ಬೆಲ್ಲ ಇಡುತ್ತಿದ್ದಳು. ತಲೆ ಕೂಡ ಎತ್ತಲಿಲ್ಲ. ಮೂರು ವಾರ ಹೀಗೆಯೇ ಹೋಯಿತು. ಜೀರುಂಡೆ ನಿಂತರೂ ಅವಳ ಆಟ ನಿಲ್ಲಲಿಲ್ಲ, ಗಲ್ಲ ತುಂಬಿಕೊಂಡಿತು. ಆಯಿ ಹೇಳಿದ್ದೇ ಖರೇ, ಅಜ್ಜ ಕುಣಿಯಲ್ಲಿಯೇ ಉಳಿದ ಎಂದು ಅವ್ವ ಮೊದಲ ಸಲ ಅತ್ತೆಯನ್ನು ಹೊಗಳಿದಳು.

ನಾಲ್ಕನೆಯ ಭಾನುವಾರ ಅಪ್ಪ ಬಸ್ಸಿನಲ್ಲಿ ಬಂದ, ಎಲೆಯಲ್ಲಿ ಕಟ್ಟಿದ ಸಿಹಿ ಕುಂದಾ ಹಿಡಿದುಕೊಂಡು. ಲೀಲಾ ಓಡಿಹೋಗಿ ಅವನ ಕೊರಳಿಗೆ ಜೋತುಬಿದ್ದಳು. ಊರಿಗೆಲ್ಲ ಕೇಳುವ ಹಾಗೆ ನಗುವ ಕೂಸು ಅದು, ಅಪ್ಪನನ್ನು ಕಂಡರಂತೂ ಮುಗಿಯಿತು. ಊಟವಾದ ಮೇಲೆ ಅಪ್ಪ ಅವಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಕಟ್ಟೆಯ ಮೇಲೆ ಕೂತ. ಎದುರಿಗೆ ನಾನು ಹಿತ್ತಾಳಿ ಚರಿಗೆಯಲ್ಲಿ ಗೇರುಹಣ್ಣು ತೊಳೆಯುತ್ತಿದ್ದೆ. ಒಳಗೆ ಮಾಮಾನ ಗೊರಕೆ. "ಅನಗೋಳದಾಗ ಒಂದು ಶೆಡ್ ಖಾಲಿ ಐತಂತ, ಎರಡು ಮಗ್ಗಾ ಅಲ್ಲಿ ಹಾಕಿದ್ರ..." ಎಂದು ಅಪ್ಪ ಹೇಳುತ್ತಿದ್ದ.

ಜೀರುಂಡೆಗಳು ನಿಂತವು.

ಅಪ್ಪನ ಮಾತು ಅಲ್ಲಿಗೇ ನಿಂತಿತು. ಮುಖ ಕಾಡಿನ ಕಡೆಗಿತ್ತು, ಕಣ್ಣು ಮಾತ್ರ ಏನನ್ನೂ ನೋಡುತ್ತಿರಲಿಲ್ಲ. ಆ ಕಣ್ಣುಗಳನ್ನು ನಾನು ಕುಣಿಯೊಳಗೆ ನೋಡಿದ್ದೆ. ಅವನ ಎಡಗೈ ಲೀಲಾಳ ಮೊಣಕಾಲಿನ ಮೇಲಿಂದ ನಿಧಾನವಾಗಿ ಎದ್ದಿತು. ತಾನೇ ಎದ್ದ ಹಾಗೆ ಎದ್ದು, ಅವಳ ಬಾಯಿಯ ಮೇಲೆ ಕೂತಿತು. ಒತ್ತಲಿಲ್ಲ. ಮಲಗಿದ ಕೂಸಿಗೆ ಸೆರಗು ಹೊದಿಸಿದಷ್ಟು ಮೆಲ್ಲಗೆ. ಲೀಲಾ ಕೊಸರಾಡಲಿಲ್ಲ. ಮೊದಲೇ ಗೊತ್ತಿದ್ದವಳ ಹಾಗೆ ತಲೆಯನ್ನು ಅವನ ಎದೆಗೆ ಒರಗಿಸಿ, ಉಸಿರು ನಿಲ್ಲಿಸಿದಳು. ಇಬ್ಬರೂ ಅಲ್ಲಾಡದೆ ಕೂತರು.

ಮಾಮಾನ ಗೊರಕೆಯೂ ಇರಲಿಲ್ಲ. ಎಲೆ ಅಲ್ಲಾಡುತ್ತಿರಲಿಲ್ಲ. ಅಪ್ಪಾ ಎಂದು ಕೂಗಬೇಕೆಂದುಕೊಂಡೆ, ಸ್ವರ ಬರಲಿಲ್ಲ. ಯಾಕೆ ಬರುತ್ತಿಲ್ಲ ಎಂದು ನೋಡಿದರೆ ನನ್ನ ಎಡಗೈ ನನ್ನ ಬಾಯಿಯ ಮೇಲಿತ್ತು. ಗೇರುಹಣ್ಣಿನ ರಸ ತುಟಿಗೆ ತಾಗಿ ಒಗರಾಗುತ್ತಿತ್ತು. ಆ ಕೈಯನ್ನು ನಾನು ಯಾವಾಗ ಎತ್ತಿದೆನೋ ನನಗೆ ಗೊತ್ತಿಲ್ಲ. ಜೀವನದಲ್ಲಿ ಅಷ್ಟು ಹೆದರಿದ್ದು ಅದೊಂದೇ ಸಲ. ಕಾಲಿನಿಂದ ಚರಿಗೆಯನ್ನು ಒದ್ದೆ. ಅದು ಕಟ್ಟೆಯಿಂದ ಮೆಟ್ಟಿಲ ಮೇಲೆ ಠಣಠಣ ಎಂದು ಉರುಳಿತು.

ಅಪ್ಪ ಬೆಚ್ಚಿಬಿದ್ದ. ಕೈ ಕೆಳಗೆ ಜಾರಿತು. ಲೀಲಾ ಅವನ ತೊಡೆಯಿಂದ ಒದ್ದೆ ಬಟ್ಟೆಯ ಹಾಗೆ ಕುಸಿದಳು. ಅವ್ವ ಉಳ್ಳಾಗಡ್ಡಿ ಹಿಡಿದು ಓಡಿಬಂದಳು. ಉಸಿರು ಬಂತು, ಅಳು ಬಂತು, ಆಮೇಲೆ ಕುಂದಾ ಬೇಕೆಂದಳು. ಅವ್ವ ಅವಳನ್ನು ಎತ್ತಿಕೊಂಡು ಒಳಗೆ ಹೋದಳು.

"ಮತ್ತ ಬಂದನೇನು ನಮ್ಮಪ್ಪ? ಇಲ್ಲಿತನಾನೂ?" ಎಂದು ಅಪ್ಪ ಕೇಳಿದ.

"ಅಜ್ಜಾ ಅಲ್ಲಪ್ಪಾ" ಎಂದೆ. "ನಿನ್ನ ಕೈ."

"ನನ್ನ ಕೈ?"

"ನೀ ಆಕಿ ಬಾಯಿ ಮುಚ್ಚಿದಿ. ಹಿಂಗ." ತೋರಿಸಿದೆ. "ನೀ ಇಲ್ಲದಾಗ ಮೂರು ವಾರ ಆಕಿಗಿ ಏನೂ ಆಗಿಲ್ಲ."

ಅಪ್ಪ ತನ್ನ ಎಡಗೈಯನ್ನು ಮುಂದೆ ಹಿಡಿದು ನೋಡಿದ. ಸಂತೆಯಲ್ಲಿ ಯಾರದೋ ಸಾಮಾನು ತನ್ನ ಚೀಲದಲ್ಲಿ ಸಿಕ್ಕವನ ಹಾಗೆ. ಅವನು ಸುಳ್ಳು ಹೇಳುತ್ತಿರಲಿಲ್ಲ. ಅವನಿಗೆ ನಿಜವಾಗಿಯೂ ಗೊತ್ತಿರಲಿಲ್ಲ. ಕರೆಂಟು ಹೋದ ಕೂಡಲೇ ಕತ್ತಲಾಗುವ ಆ ಪಡಸಾಲೆಯಲ್ಲಿ, ತೊಟ್ಟಿಲ ಕೂಸಾಗಿದ್ದಾಗಿನಿಂದ ಅವಳ ಬಾಯಿಯ ಮೇಲೆ ಎಷ್ಟು ಸಲ ಆ ಕೈ ಕೂತಿತ್ತೋ ಯಾರಿಗೂ ಗೊತ್ತಿಲ್ಲ. ಅಜ್ಜ ಇರುವವರೆಗೆ ಹೆದರುವ ಕೆಲಸ ಅಜ್ಜನದಾಗಿತ್ತು. ಅವನು ಹೋದ ಮೇಲೆ ಅದು ಅಪ್ಪನಿಗೆ ಬಂದಿತ್ತು, ಮನೆ ಬಂದ ಹಾಗೆ, ಮಗ್ಗ ಬಂದ ಹಾಗೆ. ಹೋಗಿ ಕೂರುವ ಜಾಗವನ್ನು ಲೀಲಾಗೆ ಆಯಿ ಪ್ರೀತಿಯಿಂದ ತೋರಿಸಿಕೊಟ್ಟಿದ್ದಳು.

ಬಸ್‌ ನಿಲ್ಲುವಲ್ಲಿಗೆ ನಾನೊಬ್ಬಳೇ ಅವನನ್ನು ಬಿಡಲು ಹೋದೆ. ಬಿಸಿಲು ಇನ್ನೂ ಇತ್ತು. ದಾರಿಯಲ್ಲಿ ಅವನು ನನ್ನ ಕಡೆ ನೋಡದೆ ಹೇಳಿದ.

"ಓಣ್ಯಾಗ ಪವರ್‌ಲೂಮ್ ಬಂದಾಗ ನಾ ನಿನ್ನಷ್ಟ ಇದ್ದೆ. ಮಗ್ಗಾ ನಿಂತ್ರ ಅಪ್ಪ ನನ್ನ ಎಳ್ಕೊಂಡ ಕುಣ್ಯಾಗ ಇಳೀತಿದ್ದ. ಬಾಯಿ ಮ್ಯಾಲ ಕೈ. ಕರೆಂಟ್ ಬರೂತನಕಾ ತಗೀತಿರಲಿಲ್ಲ."

"ಯಾಕ?"

"ಒಮ್ಮೆ ಹೇಳಿದ್ದ. ಬರ್ಮಾದಾಗ ತೋಪಿನ ಸಪ್ಪಳ ಇರೂತನಕಾ ಚಿಂತಿಲ್ಲಂತ. ನಿಂತ್ತಂದ್ರ ವೈರಿಗಳು ಬರ್ತಿದ್ರಂತ, ಹುಡುಕ್ಕೊಂತ. ಕುಣ್ಯಾಗ ಇವನ ಬಾಜೂಕ ಒಬ್ಬ ಹುಡುಗ ಗಾಯಾ ಆಗಿ ನರಳತಿದ್ದ. ಸಪ್ಪಳ ಕೇಳಬಾರ್ದಂತ ಇಂವ ಅವನ ಬಾಯಿ ಮುಚ್ಚಿ ಹಿಡದಾನ. ಅವರು ದಾಟಿ ಹೋದ್ರು. ಕೈ ತಗದ ಮ್ಯಾಲ..." ಅಪ್ಪ ಎಡಗೈಯನ್ನು ಕಿಸೆಗೆ ತುರುಕಿಕೊಂಡ. ಬಸ್ಸು ಬಂದಾಗ ಅಂದ, "ಲೀಲಾಗ ಹೇಳಬ್ಯಾಡ ಗೌರಾ. ಗೊತ್ತಾದ್ರ ಆಕಿನೂ ನನ್ಹಂಗ ಯಾವಾಗ ನಿಲ್ತೈತಿ, ಯಾವಾಗ ನಿಲ್ತೈತಿ ಅಂತ ಕಾಯ್ಕೊಂತ ಕುಂದರ್ತಾಳ. ಆಣಿ ಮಾಡು." ನಾನು ಆಣೆ ಮಾಡಿದೆ.

ನಾವು ವಡಗಾವಿಗೆ ಮರಳುವ ಹೊತ್ತಿಗೆ ಒಳಮನೆಯ ಕುಣಿಗೆ ಮಣ್ಣು ತುಂಬಿ ಸಗಣಿ ಸಾರಿಸಿತ್ತು. ಆಯಿಗೆ ಅಪ್ಪ ಎಲ್ಲವನ್ನೂ ಹೇಳಿದ್ದ. ಆಯಿ ಎರಡು ದಿನ ಲೀಲಾಳನ್ನು ಏನೆಂದೂ ಕರೆಯಲಿಲ್ಲ. ಮೂರನೆಯ ದಿನ ಅಡುಗೆಮನೆಯ ಬಾಗಿಲಲ್ಲಿ ನಿಂತು, "ಶಿವಲೀಲಾ, ಉಣ್ಣಾಕ ಬಾ" ಎಂದಳು. ಅವಳ ಬಾಯಲ್ಲಿ ಆ ಹೆಸರು ಬಂದದ್ದು ಅದೇ ಮೊದಲು. ಹೇಳಿ ಒಳಗೆ ಹೋಗಿ ಸೆರಗು ಮುಖಕ್ಕೆ ಒತ್ತಿಕೊಂಡು ಅತ್ತಳು. ಗಂಡ ಸತ್ತಾಗಲೂ ಅವಳು ಹಾಗೆ ಅತ್ತಿರಲಿಲ್ಲ ಎಂದು ಅವ್ವ ಹೇಳಿದಳು.

ಅಪ್ಪ ಅನಗೋಳದ ಶೆಡ್ಡಿಗೆ ಎರಡಲ್ಲ, ನಾಲ್ಕೂ ಮಗ್ಗ ಒಯ್ದ. ಬುತ್ತಿ ಅಲ್ಲಿಗೇ ಹೋಗುತ್ತಿತ್ತು. ಲೀಲಾ ಏಳುವ ಮೊದಲು ಹೋದರೆ ಅವಳು ಮಲಗಿದ ಮೇಲೆ ಬರುತ್ತಿದ್ದ. ಮನೆಯಲ್ಲಿದ್ದ ದಿನವೂ ಅವಳು ಹತ್ತಿರ ಬಂದರೆ ಏನಾದರೂ ನೆಪ ತೆಗೆದು ಎದ್ದುಹೋಗುತ್ತಿದ್ದ. ತೊಡೆಯ ಮೇಲೆ ಕೂರಿಸಿಕೊಂಡದ್ದು ಆ ಭಾನುವಾರವೇ ಕೊನೆ. ಮೊದಲೆಲ್ಲ ಅವಳು ಬಾಗಿಲಲ್ಲಿ ಕಾಯುತ್ತಿದ್ದಳು, ಆಮೇಲೆ ಬಿಟ್ಟಳು. ಅವಳ ಉಸಿರು ಮತ್ತೆಂದೂ ಕಟ್ಟಲಿಲ್ಲ. ಆಟದಲ್ಲಿ ಮುಂದು, ಓದಿನಲ್ಲಿ ಮುಂದು. ಅವಳ ಮದುವೆಯ ಫೋಟೋದಲ್ಲಿ ಅಪ್ಪ ಒಂದು ಅಂಚಿಗೆ ನಿಂತಿದ್ದಾನೆ, ಎಡಗೈ ಬೆನ್ನ ಹಿಂದೆ. ಹೋದ ವರ್ಷ ಹೃದಯ ನಿಂತು ತೀರಿಕೊಂಡ.

ಈಗ ವಡಗಾವಿಯ ನಮ್ಮ ಓಣಿಯಲ್ಲಿ ಎರಡೋ ಮೂರೋ ಮಗ್ಗಗಳಿವೆ. ಉಳಿದವು ಗುಜರಿಗೆ ಹೋದವು. ಹಗಲು ಹನ್ನೆರಡಕ್ಕೂ ಅಲ್ಲಿ ನಿಂತರೆ ಮಾತಾಡಲು ಮನಸ್ಸಾಗುವುದಿಲ್ಲ. ಅಪ್ಪ ಅಮ್ಮಂದಿರ ಹೆದರಿಕೆ ಮಕ್ಕಳ ಮೈಗೆ ಇಳಿಯುತ್ತದೆ ಎಂದು ಈಗಿನ ಡಾಕ್ಟರು ಹೇಳುತ್ತಾರೆ. ಇರಬಹುದು. ನಾನು ಡಿಸೆಂಬರಿನ ಥಂಡಿಯಲ್ಲೂ ಸದ್ದಿರಲೆಂದು ಫ್ಯಾನು ಹಚ್ಚಿಕೊಂಡೇ ಮಲಗುತ್ತೇನೆ, ಗಂಡ ಎರಡು ಚಾದರ ಹೊದ್ದುಕೊಂಡು ಬೈಯುತ್ತಾನೆ. ನನ್ನ ಪಾಲಿಗೆ ಬಂದದ್ದು ಅಷ್ಟು, ಅದು ದೊಡ್ಡದಲ್ಲ.

ಅಪ್ಪನ ವರ್ಷದ ಕಾರ್ಯ ಮುಗಿದ ದಿನ ಲೀಲಾ ಪಾತ್ರೆ ಒರೆಸುತ್ತ ಕೇಳಿದಳು. "ಅಪ್ಪಗ ನನ್ನ ಕಂಡ್ರ ಯಾಕ ಆಗ್ತಿರಲಿಲ್ಲಕ್ಕಾ? ನಾ ಅಂಥಾದ್ದೇನ ಮಾಡಿದ್ದೆ?" ಮೂವತ್ನಾಲ್ಕು ವರ್ಷ ಅವಳು ಇದನ್ನು ಒಳಗೇ ಇಟ್ಟುಕೊಂಡಿದ್ದಳು. ಆಣೆ ಮಾಡಿಸಿಕೊಂಡವನೇ ಇರಲಿಲ್ಲ. ನಾನು ಎಲ್ಲವನ್ನೂ ಹೇಳಿದೆ. ಕಟ್ಟೆ, ಜೀರುಂಡೆ, ಕೈ, ಬಸ್ಸು, ಅನಗೋಳ. ಹೇಳುವಾಗ ಅವಳ ಮುಖ ನೋಡುವ ಧೈರ್ಯ ನನಗಾಗಲಿಲ್ಲ.

ಅವಳು ಕೈಯಲ್ಲಿದ್ದ ಗಂಗಾಳವನ್ನು ಬಹಳ ಹೊತ್ತು ಒರೆಸಿದಳು. ಅದು ಯಾವಾಗಲೋ ಒಣಗಿತ್ತು.

"ಅಂವ ಇದ್ದಾಗ ಹೇಳಬಾರ್ದಿತ್ತೇನಕ್ಕಾ?" ಎಂದಳು. "ಒಂದ ಸಲರೆ ಆ ಕೈ ಹಿಡ್ಕೊಂಡ ಕುಂದರ್ತಿದ್ದೆ."